ಕ್ರೋನ್ಸ್ ಕಾಯಿಲೆಯಿರುವ ಹದಿಹರೆಯದ ಮಕ್ಕಳಿಗೆ ವಾಂತಿ ನಿಲ್ಲದಿದ್ದಾಗ ಮನೆಯವರು ಮಾಡಬೇಕಾದದ್ದು

ಕ್ರೋನ್ಸ್ ಕಾಯಿಲೆ, ಅಂದರೆ ಕರುಳಿನಲ್ಲಿ ದೀರ್ಘಕಾಲ ಕಾಡುವ ಉರಿಯೂತ, ಎಂದೊಡನೆ ಹೊಟ್ಟೆನೋವು, ಭೇದಿ, ತೂಕ ಇಳಿಯುವುದು ಇವೇ ನೆನಪಿಗೆ ಬರುತ್ತವೆ. ಹಾಗಾಗಿ ಈ ಕಾಯಿಲೆಯಿರುವ ಹದಿನಾಲ್ಕು ಹದಿನೈದರ ವಯಸ್ಸಿನ ಮಗನಿಗೋ ಮಗಳಿಗೋ ವಾರಗಟ್ಟಲೆ ವಾಂತಿಯಾಗತೊಡಗಿದರೆ ಮನೆಯವರಿಗೆ ದಿಕ್ಕು ತೋಚದಂತಾಗುತ್ತದೆ. ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ: ಕಾಯಿಲೆಗೆ ಹೆಸರು ಈಗಾಗಲೇ ಸಿಕ್ಕಿರುವುದರಿಂದ ಪ್ರತಿಯೊಂದು ವಾಂತಿಯನ್ನೂ ಅದರ ಲೆಕ್ಕಕ್ಕೇ ಬರೆದು ಸುಮ್ಮನಾಗುವುದು. ಬಿಡದೆ ಕಾಡುವ ವಾಂತಿಗೆ ನಿರ್ದಿಷ್ಟವಾದ ಕಾರಣವೊಂದು ಇರಬಹುದು, ಅದನ್ನು ಹುಡುಕಲೇಬೇಕು. ಹುಡುಕುವುದು ವೈದ್ಯರ ಕೆಲಸವಾದರೂ, ಅವರಿಗೆ ಬೇಕಾದ ಸುಳಿವುಗಳೆಲ್ಲ ಮನೆಯಲ್ಲಿರುತ್ತವೆ. ಆ ಸುಳಿವುಗಳನ್ನು ಕಾಪಾಡಿಕೊಳ್ಳುವುದು, ಕಾರಣ ಸಿಗುವವರೆಗೆ ಮಗುವಿನ ದೇಹದಲ್ಲಿ ನೀರು ಉಳಿಯುವಂತೆ ನೋಡಿಕೊಳ್ಳುವುದು, ಈ ಎರಡು ಕೆಲಸಗಳು ನಿಮ್ಮವು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಇದನ್ನು ಮೊದಲೇ ತಿಳಿದಿಟ್ಟುಕೊಳ್ಳಬೇಕು, ಏಕೆಂದರೆ ನಡುರಾತ್ರಿಯಲ್ಲಿ ಕುಳಿತು ಯೋಚಿಸಲು ಸಮಯವಿರುವುದಿಲ್ಲ. ವಾಂತಿ ಹಸಿರು ಬಣ್ಣದ್ದಾಗಿದ್ದರೆ, ಅದರಲ್ಲಿ ರಕ್ತ ಕಂಡರೆ, ಅಥವಾ ಅದು ಕಾಫಿ ಪುಡಿಯ ಗಷ್ಟಿನಂತೆ ಕಪ್ಪಗಿದ್ದರೆ ಅದೇ ಕ್ಷಣ ಹೊರಡಬೇಕು. ಹೊಟ್ಟೆ ಉಬ್ಬಿ ಬಿಗಿಯಾಗಿ, ನೋವು ಅಲೆಅಲೆಯಾಗಿ ಬಂದು, ಮಲವೂ ಗಾಳಿಯೂ ಹೋಗುವುದು ನಿಂತಿದ್ದರೆ ಕರುಳು ಕಟ್ಟಿಕೊಂಡಿರಬಹುದು. ಆಗ ಬಾಯಿಯ ಮೂಲಕ ಏನನ್ನೂ ಕೊಡದೆ ಕರೆದೊಯ್ಯಿರಿ. 38 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಜ್ವರ, ಸ್ವಲ್ಪವೂ ಬಿಡುವು ಕೊಡದ ನೋವು, ಎಂಟು ಗಂಟೆಯಾದರೂ ಮೂತ್ರ ಹೋಗದಿರುವುದು, ಎದ್ದು ನಿಂತರೆ ಕಣ್ಣು ಕತ್ತಲಿಡುವುದು, ಮಾತಿನಲ್ಲಿ ತಡವರಿಕೆ ಅಥವಾ ಅತಿಯಾದ ಮಂಪರು, ಇವೆಲ್ಲವೂ ಕಾಯುವ ಲಕ್ಷಣಗಳಲ್ಲ.

ಇನ್ನೊಂದು ಸಂದರ್ಭವನ್ನು ಬಹಳ ಜನ ಗಮನಿಸುವುದಿಲ್ಲ. ಮೂರು ವಾರಗಳಿಗಿಂತ ಹೆಚ್ಚು ಕಾಲ ಪ್ರೆಡ್ನಿಸೊಲೋನ್‌ನಂಥ ಸ್ಟೆರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವ ಮಕ್ಕಳಲ್ಲಿ, ದೇಹ ತಾನಾಗಿ ತಯಾರಿಸುವ ಕಾರ್ಟಿಸಾಲ್ ಹಾರ್ಮೋನು ಕಡಿಮೆಯಾಗಿರಬಹುದು. ಅಂಥವರು ಮಾತ್ರೆಯನ್ನೂ ವಾಂತಿ ಮಾಡಿಕೊಂಡರೆ, ಅಥವಾ ಮಾತ್ರೆ ಥಟ್ಟನೆ ನಿಂತುಹೋದರೆ, ರಕ್ತದೊತ್ತಡ ಮತ್ತು ಸಕ್ಕರೆಯ ಅಂಶ ಕುಸಿದು ಜೀವಕ್ಕೇ ಅಪಾಯವಾಗಬಹುದು. ಈ ಕುಸಿತದ ಮೊದಲ ಲಕ್ಷಣವೂ ವಾಂತಿಯೇ ಆಗಿರಬಹುದಾದ್ದರಿಂದ ಗೊಂದಲ ಇನ್ನೂ ಹೆಚ್ಚುತ್ತದೆ. ಸ್ಟೆರಾಯ್ಡ್ ಆರಂಭಿಸಿದ ದಿನವೇ, ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಏನು ಮಾಡಬೇಕು, ಯಾರಿಗೆ ಕರೆ ಮಾಡಬೇಕು ಎಂಬುದನ್ನು ವೈದ್ಯರಿಂದ ಬರಹದಲ್ಲಿ ಪಡೆದುಕೊಳ್ಳಿ. ಅದರ ಒಂದು ಪ್ರತಿ ಮಗುವಿನ ಶಾಲಾ ಚೀಲದಲ್ಲೂ ಇರಲಿ.

ನೀರನ್ನು ಉಳಿಸಿಕೊಳ್ಳುವ ಬಗೆ

ಕರುಳು ಕಟ್ಟಿದ ಲಕ್ಷಣಗಳಿಲ್ಲ ಎಂದಾದ ಮೇಲೆ ಗಮನವೆಲ್ಲ ದ್ರವದ ಮೇಲಿರಬೇಕು. ಊಟ ಒಂದೆರಡು ದಿನ ಹಿಂದೆ ಬಿದ್ದರೂ ನಡೆಯುತ್ತದೆ. ಬಾಯಾರಿದ ಮಗು ಲೋಟ ನೀರನ್ನು ಒಮ್ಮೆಲೇ ಕುಡಿಯುತ್ತದೆ, ಹೊಟ್ಟೆ ಹಿಗ್ಗಿ ಅಷ್ಟನ್ನೂ ಹೊರಹಾಕುತ್ತದೆ, ಏನೂ ನಿಲ್ಲುತ್ತಿಲ್ಲ ಎಂದು ಎಲ್ಲರೂ ಕೈಚೆಲ್ಲುತ್ತಾರೆ. ಅದರ ಬದಲು ವಾಂತಿಯಾದ ಮೇಲೆ ಹತ್ತು ಹದಿನೈದು ನಿಮಿಷ ಹೊಟ್ಟೆಗೆ ಬಿಡುವು ಕೊಟ್ಟು, ಎರಡು ನಿಮಿಷಕ್ಕೊಮ್ಮೆ ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್, ಕೊಡುತ್ತಾ ಬನ್ನಿ. ಇದು ತೀರಾ ಅಲ್ಪವೆಂದು ಕಂಡರೂ ಗಂಟೆಗೆ 150 ಮಿಲಿಲೀಟರ್ ಆಗುತ್ತದೆ. ಎಚ್ಚರವಿರುವ ಹದಿನಾಲ್ಕು ಗಂಟೆಗಳಲ್ಲಿ ಎರಡು ಲೀಟರ್ ದಾಟುತ್ತದೆ. ಸುಮಾರು 50 ಕಿಲೋ ತೂಕದವರಿಗೆ ದಿನಕ್ಕೆ ಬೇಕಾದ ದ್ರವ ಹೆಚ್ಚುಕಡಿಮೆ ಅಷ್ಟೇ. ವಾಂತಿ ಭೇದಿಗಳಲ್ಲಿ ಕಳೆದುಹೋಗುವುದನ್ನು ಇದರ ಮೇಲೆ ತುಂಬಿಕೊಡಬೇಕಾಗುತ್ತದೆ. ಕೆಲವು ಗಂಟೆ ನಿಂತರೆ ಪ್ರಮಾಣವನ್ನು ನಿಧಾನವಾಗಿ ಏರಿಸಬಹುದು. ಹೀಗೆ ಕೊಟ್ಟರೂ ಏನೂ ನಿಲ್ಲದಿದ್ದರೆ ರಕ್ತನಾಳದ ಮೂಲಕ ದ್ರವ ಬೇಕೆಂದು ಅರ್ಥ.

ಬರಿಯ ನೀರಿಗಿಂತ ಒ.ಆರ್.ಎಸ್. ದ್ರಾವಣ ಉತ್ತಮ. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಹೋಗುತ್ತವೆ, ನೀರು ಅವುಗಳನ್ನು ಹಿಂಬಾಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಲೀಟರಿಗೆ ಇವೆರಡೂ 75 ಮಿಲಿಮೋಲ್‌ನಂತೆ ಸಮವಾಗಿರುವುದು ಇದೇ ಕಾರಣಕ್ಕೆ. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟನ್ನೇ ಬೆರೆಸಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪು ಬೆರೆಸಬಹುದು, ಆದರೆ ಅದು ತಾತ್ಕಾಲಿಕ ಏರ್ಪಾಡು ಮಾತ್ರ. ಸಿಹಿ ಹೆಚ್ಚಿರುವ ತಂಪು ಪಾನೀಯಗಳು ಕರುಳಿನೊಳಗೆ ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತವೆ. ದ್ರಾವಣದ ಉಪ್ಪುರುಚಿ ಹಿಡಿಸದ ಮಕ್ಕಳಿಗೆ ಅದನ್ನು ಚೆನ್ನಾಗಿ ತಣ್ಣಗಾಗಿಸಿ ಕೊಡಿ, ಅಥವಾ ಮಂಜುಗಡ್ಡೆ ಮಾಡಿ ಚೀಪಲು ಕೊಡಿ.

ವಾಂತಿಯಾದ ಕೂಡಲೇ ಹಲ್ಲುಜ್ಜಿಸಬೇಡಿ. ಆಮ್ಲದಿಂದ ಮೆತ್ತಗಾದ ಹಲ್ಲಿನ ಎನಾಮೆಲ್ ಬ್ರಷ್‌ನ ಉಜ್ಜುವಿಕೆಗೆ ಸವೆದುಹೋಗುತ್ತದೆ. ನೀರಿನಲ್ಲಿ ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಕಾಯುವುದು ಸಾಕು.

ಕಾರಣದ ಸುಳಿವನ್ನು ಬರೆದಿಡುವುದು

1932ರಲ್ಲಿ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಈ ಕಾಯಿಲೆಯನ್ನು ವರದಿ ಮಾಡಿದಾಗಲೇ, ಸಣ್ಣ ಕರುಳಿನ ಕೊನೆಯ ಭಾಗ ಗಾಯಗಟ್ಟಿ ಕಿರಿದಾಗುವುದನ್ನು ದಾಖಲಿಸಿದ್ದರು. ಇಲ್ಲಿ ಉರಿಯೂತ ಒಳಪದರಕ್ಕಷ್ಟೇ ನಿಲ್ಲದೆ ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೆ ಇಳಿಯುವುದರಿಂದ ಗೋಡೆ ಬಾತು ದಾರಿ ಇಕ್ಕಟ್ಟಾಗುತ್ತದೆ. ಬಾವು ಮಾತ್ರ ಇದ್ದರೆ ಔಷಧದಿಂದ ದಾರಿ ತೆರೆದುಕೊಳ್ಳಬಹುದು. ಗಾಯದ ಕಲೆ ಗಟ್ಟಿಯಾಗಿದ್ದರೆ ಬಲೂನಿನಿಂದ ಹಿಗ್ಗಿಸುವುದೋ ಶಸ್ತ್ರಚಿಕಿತ್ಸೆಯೋ ಬೇಕಾಗಬಹುದು. ಜಠರ ಅಥವಾ ಅದರ ಮುಂದಿನ ಡ್ಯುಯೊಡಿನಂ ಭಾಗಕ್ಕೆ ಕಾಯಿಲೆ ತಗುಲಿದ್ದರೂ ವಾಂತಿಯೇ ಮುಖ್ಯ ಲಕ್ಷಣವಾಗಬಹುದು. ಇವುಗಳ ಜೊತೆಗೆ ಕರುಳಿನ ಸೋಂಕು, ಪಿತ್ತಕೋಶದ ಅಥವಾ ಮೂತ್ರಪಿಂಡದ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ, ಮೈಗ್ರೇನ್, ಔಷಧಗಳ ಅಡ್ಡಪರಿಣಾಮ, ಹೀಗೆ ಪಟ್ಟಿ ಉದ್ದವಾಗುತ್ತದೆ.

ಈ ಪಟ್ಟಿಯನ್ನು ಚಿಕ್ಕದಾಗಿಸುವುದು ನಿಮ್ಮ ದಿನಚರಿ. ಊಟವಾದ ಎಷ್ಟು ಹೊತ್ತಿಗೆ ವಾಂತಿಯಾಯಿತು, ಮೊದಲು ವಾಕರಿಕೆ ಇತ್ತೇ, ಬಣ್ಣ ಯಾವುದು, ಎಷ್ಟು ಪ್ರಮಾಣ, ವಾಂತಿಯಾದ ಮೇಲೆ ನೋವು ಇಳಿಯಿತೇ, ಅಂದು ಮಲ ಹೇಗಿತ್ತು, ಯಾವ ಔಷಧ ಯಾವ ಹೊತ್ತಿಗೆ ಕೊಟ್ಟಿರಿ ಎಂಬುದನ್ನು ಎರಡು ವಾರ ಬರೆದಿಡಿ. ಹಲವು ಗಂಟೆಗಳ ಹಿಂದೆ ತಿಂದದ್ದು ಜೀರ್ಣವಾಗದೆ ಹಾಗೇ ಹೊರಬಂದರೆ ಜಠರ ಖಾಲಿಯಾಗುತ್ತಿಲ್ಲ ಎಂಬ ಸೂಚನೆ ಸಿಗುತ್ತದೆ. ತಿಂದ ಬಳಿಕ ಹೊಟ್ಟೆ ಹಿಂಡಿದಂತಾಗಿ, ವಾಂತಿಯಾದೊಡನೆ ಹಗುರವಾಗುವುದು ಇಕ್ಕಟ್ಟಾದ ಕರುಳಿನತ್ತ ಬೊಟ್ಟು ಮಾಡುತ್ತದೆ. ನಿದ್ದೆಯಿಂದ ಎಬ್ಬಿಸುವ ವಾಂತಿಯನ್ನು ಎಂದಿಗೂ ಒತ್ತಡದ ಪರಿಣಾಮವೆಂದು ತಳ್ಳಿಹಾಕಬಾರದು. ವಾಕರಿಕೆಯೇ ಇಲ್ಲದೆ, ಊಟದ ಕೆಲವೇ ನಿಮಿಷಗಳಲ್ಲಿ, ಪ್ರಯಾಸವಿಲ್ಲದೆ ಆಹಾರ ಬಾಯಿಗೆ ಮರಳುತ್ತಿದ್ದರೆ ಅದು ರೂಮಿನೇಶನ್ ಎಂಬ ಬೇರೆಯೇ ತೊಂದರೆಯಾಗಿರಬಹುದು. ಅದಕ್ಕೆ ಮಾತ್ರೆಗಿಂತ ವಪೆಯಿಂದ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರ) ಆಳವಾಗಿ ಉಸಿರಾಡುವ ಅಭ್ಯಾಸ ಹೆಚ್ಚು ಫಲ ಕೊಡುತ್ತದೆ. ಸಂಕೋಚವಾದರೂ ವಾಂತಿಯ ಒಂದು ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ, ಏಕೆಂದರೆ ತಿಳಿಹಳದಿಗೂ ಹಸಿರಿಗೂ ಇರುವ ವ್ಯತ್ಯಾಸವನ್ನು ಮಾತಿನಲ್ಲಿ ಹೇಳುವುದು ಕಷ್ಟ.

ವೈದ್ಯರು ರಕ್ತದಲ್ಲಿ ಸಿ.ಆರ್.ಪಿ. (ಉರಿಯೂತದ ಸೂಚಕ), ಲೈಪೇಸ್ (ಮೇದೋಜೀರಕ ಗ್ರಂಥಿಯ ಕಿಣ್ವ) ಮತ್ತು ಲವಣಾಂಶಗಳನ್ನು, ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಉರಿಯೂತದ ಸೂಚಕ) ಪ್ರಮಾಣವನ್ನು ನೋಡಬಹುದು. ಅಗತ್ಯವಿದ್ದರೆ ಅಲ್ಟ್ರಾಸೌಂಡ್, ಕರುಳಿನ ಎಂ.ಆರ್.ಐ. ಮತ್ತು ಎಂಡೋಸ್ಕೋಪಿ ಮಾಡಿಸಬಹುದು. ಕ್ಯಾಲ್‌ಪ್ರೊಟೆಕ್ಟಿನ್ ಸಾಮಾನ್ಯ ಮಟ್ಟದಲ್ಲಿದ್ದೂ ವಾಂತಿ ಮುಂದುವರಿದಿದ್ದರೆ, ಉರಿಯೂತವನ್ನು ಬಿಟ್ಟು ಬೇರೆ ಕಾರಣವನ್ನೂ ನೋಡುವಿರಾ ಎಂದು ಕೇಳಲು ಹಿಂಜರಿಯಬೇಡಿ.

ಔಷಧಗಳ ವಿಷಯ

ಮೆಥೊಟ್ರೆಕ್ಸೇಟ್ ಕ್ರೋನ್ಸ್ ಕಾಯಿಲೆಗೆ ವಾರಕ್ಕೊಮ್ಮೆ ಕೊಡುವ ಔಷಧ. ಅದನ್ನು ಪಡೆದ ದಿನ ಮತ್ತು ಮರುದಿನ ವಾಕರಿಕೆ ಬರುವುದು ಸಾಮಾನ್ಯ. ಮರುದಿನ ಶಾಲೆಯಿಲ್ಲದ ರಾತ್ರಿಗೆ ಅದನ್ನು ಹೊಂದಿಸುವುದು, ಫೋಲಿಕ್ ಆಮ್ಲ ಕೊಡುವುದು, ಮುಂಚಿತವಾಗಿಯೇ ವಾಂತಿ ತಡೆಯುವ ಮಾತ್ರೆ ನೀಡುವುದು, ಇವುಗಳನ್ನು ವೈದ್ಯರೊಡನೆ ಚರ್ಚಿಸಬಹುದು. ಕೆಲವು ಮಕ್ಕಳಿಗೆ ಕಾಲಕ್ರಮೇಣ ಸೂಜಿಯನ್ನು ಕಂಡೊಡನೆಯೇ ಓಕರಿಕೆ ಬರತೊಡಗುತ್ತದೆ. ಅದು ಹಠವಲ್ಲ, ದೇಹ ಕಲಿತುಕೊಂಡ ಪ್ರತಿಕ್ರಿಯೆ. ಗದರಿದರೆ ಇನ್ನೂ ಬಲಗೊಳ್ಳುತ್ತದೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಿಯೋಪ್ರಿನ್ ಮಾತ್ರೆ ಆರಂಭಿಸಿದ ಮೊದಲ ವಾರಗಳಲ್ಲಿ ಮೇಲ್ಹೊಟ್ಟೆಯಿಂದ ಬೆನ್ನಿಗೆ ಹರಡುವ ನೋವಿನೊಂದಿಗೆ ವಾಂತಿಯಾದರೆ ಮೇದೋಜೀರಕ ಗ್ರಂಥಿ ಊದಿಕೊಂಡಿರಬಹುದು, ಮುಂದಿನ ಮಾತ್ರೆಗೆ ಮೊದಲೇ ವೈದ್ಯರನ್ನು ಕೇಳಬೇಕು. ಮೆಟ್ರೊನಿಡಜೋಲ್ ಮತ್ತು ಕಬ್ಬಿಣಾಂಶದ ಮಾತ್ರೆಗಳೂ ಹೊಟ್ಟೆ ತೊಳಸುವಂತೆ ಮಾಡುತ್ತವೆ.

ಅಡ್ಡಪರಿಣಾಮವಿದೆ ಎಂದು ನೀವಾಗಿಯೇ ಯಾವ ಔಷಧವನ್ನೂ ನಿಲ್ಲಿಸಬೇಡಿ, ಹಾಗೆಯೇ ಅಂಗಡಿಯಿಂದ ವಾಂತಿಯ ಮಾತ್ರೆಯನ್ನು ನೀವಾಗಿಯೇ ತಂದು ಕೊಡಬೇಡಿ. ಮೆಟೊಕ್ಲೊಪ್ರಮೈಡ್ ಎಳೆಯ ವಯಸ್ಸಿನವರಲ್ಲಿ ಕುತ್ತಿಗೆ, ದವಡೆ ಸೆಟೆದುಕೊಳ್ಳುವಂತೆ ಮಾಡಬಲ್ಲದು. ಕರುಳು ಕಟ್ಟಿದ್ದರೆ ಅದನ್ನು ಕೊಡಲೇಬಾರದು. ನೋವಿಗೆ ಐಬುಪ್ರೊಫೆನ್ ಬೇಡ, ಅದು ಕರುಳಿನ ಉರಿಯೂತವನ್ನು ಕೆರಳಿಸಬಹುದು. ಪ್ಯಾರಾಸಿಟಮಾಲ್ ಅನ್ನು ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಕೊಡಬಹುದು.

ಊಟ

ಮೂರು ದೊಡ್ಡ ಊಟಗಳ ಬದಲು ಆರೇಳು ಸಣ್ಣ ಊಟ ಒಗ್ಗುತ್ತದೆ. ಬಿಸಿ ಪದಾರ್ಥದ ವಾಸನೆ ವಾಕರಿಕೆ ತರುವುದರಿಂದ ತಣ್ಣಗಿನ ಅಥವಾ ಉಗುರುಬೆಚ್ಚಗಿನ ಆಹಾರ ಮೇಲು. ಉಂಡ ಮೇಲೆ ಒಂದು ಗಂಟೆಯಾದರೂ ಮಲಗದಿರಲಿ. ಕರುಳು ಇಕ್ಕಟ್ಟಾಗಿದೆ ಎಂದು ತಿಳಿದಿದ್ದರೆ ಬೀಜ, ಸಿಪ್ಪೆ, ಎಳೆಎಳೆಯಾದ ನಾರು ಇರುವುದನ್ನು ಬಿಟ್ಟು, ಮೆತ್ತಗೆ ಬೆಂದದ್ದನ್ನು ಚೆನ್ನಾಗಿ ಅಗಿದು ತಿನ್ನಬೇಕು. ಇಕ್ಕಟ್ಟಿಲ್ಲದವರಿಗೆ ಈ ಪಥ್ಯ ಅನಗತ್ಯ. ಭಯದಿಂದ ಒಂದೊಂದೇ ಆಹಾರವನ್ನು ಬಿಡುತ್ತಾ ಹೋದರೆ ಬೆಳೆಯುವ ದೇಹ ಸೊರಗುತ್ತದೆ.

ಮಕ್ಕಳ ಕ್ರೋನ್ಸ್ ಕಾಯಿಲೆಯಲ್ಲಿ ಆರರಿಂದ ಎಂಟು ವಾರ ಕೇವಲ ವಿಶೇಷ ಪೌಷ್ಟಿಕ ದ್ರವವನ್ನೇ ಕೊಡುವ ಚಿಕಿತ್ಸೆಯೊಂದಿದೆ. ಉರಿಯೂತವನ್ನು ಇಳಿಸುವಲ್ಲಿ ಅದು ಸ್ಟೆರಾಯ್ಡ್‌ಗೆ ಸರಿಸಾಟಿಯಾಗಿದ್ದು, ಬೆಳವಣಿಗೆಗೂ ನೆರವಾಗುತ್ತದೆ. ವಾಂತಿಯಿಂದಾಗಿ ಕುಡಿಯಲಾಗದವರಿಗೆ ಮೂಗಿನ ಮೂಲಕ ಹಾಕಿದ ತೆಳು ನಳಿಕೆಯಿಂದ ರಾತ್ರಿಯಿಡೀ ನಿಧಾನವಾಗಿ ಹರಿಸಬಹುದು. ನಳಿಕೆ ಎಂದೊಡನೆ ಸೋತಂತೆ ಭಾವಿಸುವ ಪೋಷಕರಿದ್ದಾರೆ, ಮಕ್ಕಳಂತೂ ಬೆಚ್ಚುತ್ತಾರೆ; ಆದರೆ ತಟ್ಟೆಯ ಮುಂದೆ ದಿನವೂ ನಡೆಯುವ ಹೋರಾಟ ಅದರಿಂದ ನಿಲ್ಲುತ್ತದೆ, ಅದೊಂದೇ ದೊಡ್ಡ ಬಿಡುಗಡೆ ಎಂದು ನನಗನ್ನಿಸುತ್ತದೆ. ಬಹಳ ದಿನ ಏನೂ ತಿನ್ನದೆ ತೂಕ ಕಳೆದುಕೊಂಡ ಮಗುವಿಗೆ ಮಾತ್ರ ಒಮ್ಮೆಲೇ ಹೆಚ್ಚು ಆಹಾರ ಕೊಡಬಾರದು. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯಕ್ಕೆ ತೊಂದರೆಯಾಗಬಹುದಾದ್ದರಿಂದ ಆಹಾರವನ್ನು ವೈದ್ಯರ ನಿಗಾದಲ್ಲಿ ಹಂತಹಂತವಾಗಿ ಏರಿಸಬೇಕು. ತಿಂಗಳಿಗೊಮ್ಮೆ ತೂಕ, ಮೂರು ತಿಂಗಳಿಗೊಮ್ಮೆ ಎತ್ತರ ಅಳೆದು ಬರೆದಿಡಿ.

ಮಗುವಿನ ಮನಸ್ಸು, ಶಾಲೆ ಮತ್ತು ಮಾತು

ಹದಿನೈದರ ವಯಸ್ಸಿನಲ್ಲಿ ಎಲ್ಲರೆದುರು ವಾಂತಿಯಾಗುವ ಭಯ ಕಾಯಿಲೆಗಿಂತ ದೊಡ್ಡದು. ಗೆಳೆಯರ ಊಟಕ್ಕೆ ಕರೆಬಂದರೆ ನೆಪ ಹೇಳುವುದು, ಶಾಲೆಯ ದಿನ ಏನನ್ನೂ ತಿನ್ನದೆ ಹೋಗುವುದು ಈ ಭಯದಿಂದಲೇ. ಪರೀಕ್ಷೆಗಳಲ್ಲಿ ಏನೂ ಸಿಗದಿದ್ದಾಗ 'ಸುಮ್ಮನೆ ಮಾಡುತ್ತಿದ್ದೀಯ' ಎಂಬ ಮಾತು ಯಾರ ಬಾಯಿಂದಲೂ ಬರಬಾರದು. ಆತಂಕದಿಂದ ಹೆಚ್ಚುವ ವಾಂತಿಯೂ ನಿಜವಾದ ವಾಂತಿಯೇ, ಅದಕ್ಕೂ ಮನಶ್ಶಾಸ್ತ್ರಜ್ಞರ ಬಳಿ ಚಿಕಿತ್ಸೆಯಿದೆ. ಹಾಗೆಂದು ಅದನ್ನು ಕೊನೆಗೆ ಉಳಿದ ದಾರಿಯೆಂದು ನೋಡದೆ, ದೇಹದ ತಪಾಸಣೆಯ ಜೊತೆಜೊತೆಗೇ ಆರಂಭಿಸುವುದು ಒಳ್ಳೆಯದು.

ಶಾಲೆಗೆ ವೈದ್ಯರ ಪತ್ರ ಕೊಟ್ಟು, ಕೇಳದೆಯೇ ತರಗತಿಯಿಂದ ಎದ್ದು ಹೋಗುವ ಅನುಮತಿ, ಬಾಗಿಲ ಹತ್ತಿರದ ಜಾಗ, ಪರೀಕ್ಷೆಯ ನಡುವೆ ಬಿಡುವು ಇವುಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಚೀಲದಲ್ಲಿ ಎರಡು ಗಟ್ಟಿ ಕವರು, ಒರೆಸುವ ಬಟ್ಟೆ, ಬದಲಿ ಅಂಗಿ, ಒ.ಆರ್.ಎಸ್. ಇರಲಿ. ವಿಷಯ ಗೊತ್ತಿರುವ ಒಬ್ಬ ಗೆಳೆಯನೋ ಗೆಳತಿಯೋ ತರಗತಿಯಲ್ಲಿದ್ದರೆ ಅರ್ಧ ಭಯ ಕಡಿಮೆಯಾಗುತ್ತದೆ. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಎಂಬ ತೀರ್ಮಾನ ಮಾತ್ರ ಮಗುವಿನದೇ ಆಗಿರಬೇಕು.

ಪ್ರತಿ ಭೇಟಿಯಲ್ಲಿ ಸ್ವಲ್ಪ ಹೊತ್ತು ನೀವು ಹೊರಗಿದ್ದು, ಮಗು ಒಂಟಿಯಾಗಿ ವೈದ್ಯರೊಡನೆ ಮಾತಾಡಲಿ. ಧೂಮಪಾನ, ಗಾಂಜಾ, ಗರ್ಭಧಾರಣೆಯ ಸಾಧ್ಯತೆ, ದಪ್ಪಗಾಗುವ ಭಯದಿಂದ ತಾವಾಗಿಯೇ ಮಾಡಿಕೊಳ್ಳುವ ವಾಂತಿ, ಬಿಟ್ಟುಬಿಟ್ಟ ಮಾತ್ರೆಗಳು, ಇವೆಲ್ಲವೂ ವಾಂತಿಯ ಕಾರಣ ಹುಡುಕುವಾಗ ಗೊತ್ತಿರಬೇಕಾದ ಸಂಗತಿಗಳು, ಮತ್ತು ಅಪ್ಪ ಅಮ್ಮನೆದುರು ಬಾಯಿಬಿಡಲಾಗದಂಥವು. ದಿನಚರಿಯ ಪುಸ್ತಕವನ್ನು ಕೂಡ ನಿಧಾನವಾಗಿ ಮಗುವಿನ ಕೈಗೆ ದಾಟಿಸಿ. ಮುಂದಿನ ಭೇಟಿಗೆ ಹೊರಡುವ ಹಿಂದಿನ ರಾತ್ರಿ ಜೊತೆಯಲ್ಲಿ ಕುಳಿತು, ಮಗು ತಾನೇ ವೈದ್ಯರಿಗೆ ಹೇಳಬೇಕಾದ ಮೂರು ವಾಕ್ಯಗಳನ್ನು ತನ್ನ ಮಾತಿನಲ್ಲಿಯೇ ಬರೆದುಕೊಳ್ಳಲಿ. ಅಲ್ಲಿ ಮಾತು ತಡವರಿಸಿದರೂ ನಡುವೆ ಬಾಯಿಹಾಕದೆ, ಮುಗಿಸುವವರೆಗೆ ಕಾಯಿರಿ.