ನಾಯಿ ಎಲ್ಲಿ ಮಲಗಿದೆ ಅಂತ ನೋಡಿ: ಬಿಸಿಲು ಚಳಿಯಲ್ಲಿ ನನ್ನ ಅನುಭವ

"ನಾಯಿ ಎಷ್ಟು ಡಿಗ್ರಿ ಚಳಿ ತಡೆಯುತ್ತೆ? ಎಷ್ಟು ಬಿಸಿಲು ತಡೆಯುತ್ತೆ?" ಹೊರಗೆ ನಾಯಿ ಸಾಕುವವರು ಯಾರೇ ಸಿಕ್ಕರೂ ಇದನ್ನೇ ಕೇಳುತ್ತಾರೆ. ಒಂಬತ್ತು ವರ್ಷದ ಹಿಂದೆ ನಾನೂ ಇದನ್ನೇ ಕೇಳಿಕೊಂಡು ಓಡಾಡಿದ್ದೆ. ಒಂದು ಅಂಕಿ ಸಿಕ್ಕಿಬಿಟ್ಟರೆ ಗೋಡೆ ಮೇಲೆ ಬರೆದಿಟ್ಟುಕೊಂಡು, ಅದನ್ನು ನೋಡಿ ಒಳಗೆ ಕರೆಯೋದು, ಹೊರಗೆ ಬಿಡೋದು ಮಾಡಬಹುದು ಅಂದುಕೊಂಡಿದ್ದೆ.

ನಮ್ಮಲ್ಲಿ ಇಬ್ಬರಿದ್ದಾರೆ. ಗುಂಡ 38 ಕಿಲೋ ತೂಗುವ ದಪ್ಪ ಜೂಲಿನವನು. ಮೇಲೆ ಒರಟು ಕೂದಲು, ಅದರ ಕೆಳಗೆ ಹತ್ತಿಯಂಥ ಮೆತ್ತನೆ ಒಳಗೂದಲು. ಚುಕ್ಕಿ 11 ಕಿಲೋ. ಸಣಕಲು ಮೈ, ಉದ್ದ ಕಾಲು, ಮೈಗೆ ಅಂಟಿದಂಥ ಗಿಡ್ಡ ಕೂದಲು. ಒಂದು ಬೆಳಿಗ್ಗೆ 14 ಡಿಗ್ರಿ ಇತ್ತು. ಗುಂಡ ಸಿಮೆಂಟು ನೆಲಕ್ಕೆ ಹೊಟ್ಟೆ ಒತ್ತಿ, ಹಿಂಗಾಲನ್ನು ಕಪ್ಪೆಯ ಹಾಗೆ ಚಾಚಿ ಗೊರಕೆ ಹೊಡೆಯುತ್ತಿದ್ದ. ನಾಲ್ಕು ಮಾರು ಆಚೆ ಚುಕ್ಕಿ ಉಂಡೆಯಾಗಿ ಸುತ್ತಿಕೊಂಡು, ಮೂಗನ್ನು ಬಾಲದಡಿ ತೂರಿಸಿ, ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಒಂದೇ ಅಂಗಳ, ಒಂದೇ ಗಾಳಿ. ಅವನಿಗೆ ಹಿತ, ಅವಳಿಗೆ ಚಳಿ. ಗೋಡೆ ಮೇಲೆ ಯಾವ ಅಂಕಿ ಬರೆಯಲಿ?

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ದಿನಕ್ಕೆ ಮೂರು ಹೊತ್ತು ಬರೆಯುತ್ತಿದ್ದೆ. ಎಷ್ಟು ಡಿಗ್ರಿ, ಗಾಳಿ ಬೀಸುತ್ತಿದೆಯಾ, ಸೆಕೆ ಇದೆಯಾ, ಇಬ್ಬರೂ ಎಲ್ಲಿ ಮಲಗಿದ್ದಾರೆ, ಹೇಗೆ ಮಲಗಿದ್ದಾರೆ, ಸುಮ್ನೆ ಮಲಗಿರುವಾಗ ನಿಮಿಷಕ್ಕೆ ಎಷ್ಟು ಉಸಿರು. ಪಕ್ಕೆ ಏರಿಳಿಯೋದನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಆಯ್ತು. ಆರಾಮಾಗಿ ಮಲಗಿರುವ ನಾಯಿಯ ಉಸಿರು ಸಾಮಾನ್ಯವಾಗಿ ನಿಮಿಷಕ್ಕೆ 30 ದಾಟುವುದಿಲ್ಲ. ವರ್ಷ ತುಂಬುವಷ್ಟರಲ್ಲಿ ಇಬ್ಬರ ಲೆಕ್ಕ ಬೇರೆಬೇರೆ ಅನ್ನೋದು ಪುಟದ ಮೇಲೇ ಕಾಣುತ್ತಿತ್ತು. 25 ಡಿಗ್ರಿ ದಾಟಿದರೆ ಗುಂಡ ನೆರಳು ಹುಡುಕುತ್ತಿದ್ದ. ಚುಕ್ಕಿ ಅದೇ ಹೊತ್ತಿಗೆ ಬಿಸಿಲಿಗೆ ಪಕ್ಕೆ ಕೊಟ್ಟು ಮಲಗುತ್ತಿದ್ದಳು. 10ಕ್ಕೆ ಇಳಿದರೆ ಅವಳು ಹೊರಗೆ ಕೂರುವುದೇ ಇಲ್ಲ. ಬಾಗಿಲ ಹತ್ತಿರ ಒಂದು ಮುಂಗಾಲು ಎತ್ತಿಕೊಂಡು ನಿಲ್ಲುತ್ತಾಳೆ. ಆ ಎತ್ತಿದ ಕಾಲು ಕಂಡರೆ ನಾನು ಈಗ ಥರ್ಮಾಮೀಟರು ನೋಡೋಕೂ ಹೋಗುವುದಿಲ್ಲ, ಬಾಗಿಲು ತೆಗೆಯುತ್ತೇನೆ.

ಇಷ್ಟೆಲ್ಲ ಬರೆದಿಟ್ಟುಕೊಂಡೂ ಒಂದು ಸಂಜೆ ದೊಡ್ಡ ತಪ್ಪು ಮಾಡಿದೆ. ಅದನ್ನು ವಿವರವಾಗಿ ಹೇಳಬೇಕು, ಯಾಕಂದ್ರೆ ಯಾರಿಂದ ಬೇಕಾದರೂ ಆಗುವ ತಪ್ಪು ಅದು.

ಬಿಸಿಲು ಇಳಿದಿತ್ತು. 29 ಡಿಗ್ರಿ. ಮಳೆ ಬರುವ ಮುಂಚಿನ ಸೆಕೆ, ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಬಿಸಿಲಿಲ್ಲವಲ್ಲ ಅಂತ ಗುಂಡನ ಜೊತೆ ಚೆಂಡಾಟ ಶುರು ಮಾಡಿದೆ. ಎಸೆದ ಚೆಂಡನ್ನು ಅವನು ಯಾವತ್ತೂ ಬಿಟ್ಟವನಲ್ಲ. ಇಪ್ಪತ್ತು ನಿಮಿಷ ಆಗಿರಬೇಕು. ಓಡಿ ಬಂದವನು ಚೆಂಡನ್ನು ನನ್ನ ಕಾಲ ಹತ್ತಿರ ತರಲೇ ಇಲ್ಲ, ದಾರಿಯಲ್ಲೇ ಬೀಳಿಸಿದ. ನಾಲಗೆಯ ತುದಿ ಅಗಲವಾಗಿ ಸೌಟಿನ ಹಾಗೆ ಬಾಗಿತ್ತು. ಜೊಲ್ಲು ಅಂಟಂಟಾಗಿ ನೂಲಿನಂತೆ ಇಳಿಯುತ್ತಿತ್ತು. ತುಟಿ ಎತ್ತಿ ನೋಡಿದರೆ ಒಸಡು ಇಟ್ಟಿಗೆ ಕೆಂಪು. ಹೆಸರು ಹಿಡಿದು ಕರೆದೆ. ತಲೆ ಎತ್ತಿದ, ಆದರೆ ಕಣ್ಣು ನನ್ನ ಮೇಲೆ ನಿಲ್ಲಲಿಲ್ಲ. ಎರಡು ಹೆಜ್ಜೆ ಇಡುವಷ್ಟರಲ್ಲಿ ಸೊಂಟ ಪಕ್ಕಕ್ಕೆ ವಾಲಿತು.

ಡಾಕ್ಟರಿಗೆ ಫೋನ್ ಮಾಡಿ, ಈಗಲೇ ಕಾರಲ್ಲಿ ಹಾಕಿಕೊಂಡು ಬರ್ತೀನಿ ಸರ್ ಅಂದೆ. "ಬೇಡ, ಮೊದಲು ನೀರು ಸುರೀರಿ. ಮೈ ತಣ್ಣಗಾಗಲಿ, ಆಮೇಲೆ ಕರ್ಕೊಂಡು ಬನ್ನಿ" ಅಂದರು. ಆ ಮಾತು ಗುಂಡನನ್ನು ಉಳಿಸಿತು ಅಂತಲೇ ನಾನು ಇವತ್ತಿಗೂ ನಂಬಿದ್ದೇನೆ. ನೆರಳಿಗೆ ಎಳೆದುಕೊಂಡು ಹೋಗಿ ನಲ್ಲಿಗೆ ಪೈಪು ಸಿಕ್ಕಿಸಿದೆ. ಬೆನ್ನ ಮೇಲೆ ಬಿಟ್ಟ ನೀರು ಒಳಗೆ ಇಳಿಯಲೇ ಇಲ್ಲ, ಕೊಡೆಯ ಮೇಲಿಂದ ಜಾರುವಂತೆ ಜಾರಿಹೋಯಿತು. ಜೂಲು ಬಿಡಿಸಿ, ಬೆರಳು ತೂರಿಸಿ, ಚರ್ಮದವರೆಗೆ ನೀರು ತಿಕ್ಕಬೇಕಾಯಿತು. ಹೊಟ್ಟೆ, ತೊಡೆಸಂದು, ಕಂಕುಳು, ಕತ್ತು. ಮಗಳು ಪಕ್ಕದಲ್ಲಿ ಕೂತು ರಟ್ಟಿನಿಂದ ಬೀಸುತ್ತಲೇ ಇದ್ದಳು. ನೀರಿನಷ್ಟೇ ಗಾಳಿಯೂ ಮುಖ್ಯ. ಮೈಮೇಲೆ ಒದ್ದೆ ಟವೆಲ್ ಹೊದಿಸಿ ಬಿಡೋಕೆ ಹೋಗಬೇಡಿ. ಸ್ವಲ್ಪ ಹೊತ್ತಿಗೆ ಆ ಟವೆಲ್ಲೇ ಬೆಚ್ಚಗಾಗಿ ಶಾಖವನ್ನು ಹಿಡಿದಿಡುತ್ತದೆ. ಬಾಯಿಗೆ ಬಲವಂತವಾಗಿ ನೀರು ಹುಯ್ಯಲೂಬಾರದು.

ಗುದದಲ್ಲಿ ಥರ್ಮಾಮೀಟರು ಇಟ್ಟಾಗ 40.9 ಡಿಗ್ರಿ ತೋರಿಸಿತು. ನಾಯಿಯ ಮೈ ಶಾಖ ಮಾಮೂಲಿಯಾಗೇ ನಮಗಿಂತ ಜಾಸ್ತಿ, ಸುಮಾರು 38.3ರಿಂದ 39.2. 41 ದಾಟಿತು ಅಂದರೆ ಒಳಗಿನ ಅಂಗಾಂಗಗಳಿಗೇ ಅಪಾಯ. 39.5ಕ್ಕೆ ಬಂದಾಗ ನೀರು ನಿಲ್ಲಿಸಿ ಅಂತ ಡಾಕ್ಟರು ಹೇಳಿದ್ದರು, ಇಲ್ಲದಿದ್ದರೆ ಮೈ ತೀರಾ ತಣ್ಣಗಾಗಿಬಿಡುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಗುಂಡ ಎದ್ದು ಕೂತಿದ್ದ, ಬಾಲವನ್ನೂ ಆಡಿಸಿದ. ಸರಿಹೋದ ಅನ್ನಿಸಿತು. ಆದರೂ ಕರೆದುಕೊಂಡು ಹೋದೆವು. ಕಿಡ್ನಿಗೆ ಆದ ಪೆಟ್ಟು, ರಕ್ತ ಹೆಪ್ಪುಗಟ್ಟುವುದರಲ್ಲಿ ಆಗುವ ತೊಂದರೆ, ಇವು ಒಂದೆರಡು ದಿನ ಬಿಟ್ಟೂ ಕಾಣಿಸಿಕೊಳ್ಳಬಹುದಂತೆ. ಡ್ರಿಪ್ ಹಾಕಿದರು, ಎರಡು ದಿನ ರಕ್ತ ಪರೀಕ್ಷೆ ಮಾಡಿದರು. ಗುಂಡ ಪಾರಾದ.

ಬಿಸಿಲೇ ಇಲ್ಲದ ಸಂಜೆ ಹೀಗೆ ಯಾಕಾಯಿತು? ನಾವು ಮೈಯೆಲ್ಲ ಬೆವರುತ್ತೇವೆ. ನಾಯಿಗೆ ಬೆವರು ಬರುವುದು ಅಂಗಾಲಿನ ಮೆತ್ತೆಯಲ್ಲಿ, ಅದರಿಂದ ಮೈ ತಂಪಾಗುವುದು ಅಷ್ಟಕ್ಕಷ್ಟೇ. ಅದರ ಮುಖ್ಯ ದಾರಿ ಏದುಸಿರು. ನಿಮಿಷಕ್ಕೆ 300 ಸಲದವರೆಗೂ ಉಸಿರಾಡಿ, ನಾಲಗೆ, ಬಾಯಿ, ಮೂಗಿನ ಒಳಗಿನ ತೇವವನ್ನು ಆವಿ ಮಾಡಿ ರಕ್ತ ತಂಪು ಮಾಡಿಕೊಳ್ಳುತ್ತದೆ. ಗಾಳಿಯಲ್ಲೇ ತೇವ ತುಂಬಿದ್ದರೆ ಬಾಯಿಯ ತೇವ ಆರುವುದೆಲ್ಲಿಂದ? ಅದರ ಮೇಲೆ ಓಟ ಬೇರೆ. ಓಡುವ ಸ್ನಾಯುಗಳು ಒಳಗಿಂದ ಶಾಖ ಹುಟ್ಟಿಸುತ್ತಲೇ ಇರುತ್ತವೆ. ಬ್ರಿಟನ್ನಿನ ಸಂಶೋಧಕರು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿ ಸೆಕೆಯಿಂದ ಕಾಯಿಲೆ ಬಿದ್ದು ಡಾಕ್ಟರ ಹತ್ತಿರ ಬಂದ ನಾಯಿಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರಕ್ಕೆ ಕಾರಣ ಓಟ, ಆಟ, ನಡಿಗೆಯಂಥ ಶ್ರಮ. ನಾವೆಲ್ಲ ಬಾಗಿಲು ಮುಚ್ಚಿದ ಕಾರಿಗೆ ಹೆದರುತ್ತೇವೆ. ಹೆದರಲೇಬೇಕು, ಕಿಟಕಿ ಸ್ವಲ್ಪ ಇಳಿಸಿಟ್ಟರೂ ಹತ್ತೇ ನಿಮಿಷದಲ್ಲಿ ಒಳಗೆ ಹತ್ತು ಡಿಗ್ರಿ ಏರಿರುತ್ತದೆ. ಆದರೆ ಚೆಂಡಿಗೆ ಯಾರೂ ಹೆದರುವುದಿಲ್ಲ, ಅಲ್ವಾ?

ಅದಾದ ಮೇಲೆ ಸೆಕೆಗಾಲದಲ್ಲಿ ಚೆಂಡನ್ನು ಕಪಾಟಿನಲ್ಲಿ ಇಡುತ್ತೇನೆ. ನಡಿಗೆ ಸೂರ್ಯ ಹುಟ್ಟುವ ಹೊತ್ತಿಗೆ ಮಾತ್ರ. ಸಂಜೆ ಗಾಳಿ ತಣ್ಣಗಾದರೂ ಡಾಂಬರು ಬಿಸಿ ಬಿಡುವುದಿಲ್ಲ. ಅಂಗೈ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಸೆಕೆಂಡು ಇಟ್ಟು ನೋಡುತ್ತೇನೆ. ನನ್ನ ಕೈ ತಡೆಯದಿದ್ದರೆ ಅವರ ಅಂಗಾಲೂ ತಡೆಯುವುದಿಲ್ಲ. ಇನ್ನೊಂದು, ಸೆಕೆ ಶುರುವಾದ ಮೊದಲ ವಾರಗಳಲ್ಲೇ ಜಾಸ್ತಿ ಎಚ್ಚರ ಬೇಕು. ಮೈ ಹೊಂದಿಕೊಳ್ಳೋಕೆ ವಾರಗಟ್ಟಲೆ ಹಿಡಿಯುತ್ತದೆ.

ಗುಂಡನ ಜೂಲನ್ನು ಬೋಳಿಸಿಬಿಡಿ ಅಂತ ಎಷ್ಟೋ ಜನ ಹೇಳಿದರು. ಬೋಳಿಸಲಿಲ್ಲ. ಮೇಲಿನ ಒರಟು ಕೂದಲು ಬಿಸಿಲು ನೇರವಾಗಿ ಚರ್ಮಕ್ಕೆ ತಾಗದಂತೆ ತಡೆಯುತ್ತದೆ. ಇಂಥ ತಳಿಗಳಲ್ಲಿ ಬೋಳಿಸಿದ ಕೂದಲು ಕೆಲವೊಮ್ಮೆ ಮೊದಲಿನ ಹಾಗೆ ಬರುವುದೂ ಇಲ್ಲ. ಉದುರಿ ಸಿಕ್ಕಿಕೊಂಡ ಒಳಗೂದಲನ್ನು ವಾರಕ್ಕೆ ಎರಡು ಸಲ ಬಾಚಿ ತೆಗೆಯುತ್ತೇನೆ. ಒಂದು ಸಲ ಬಾಚಿದರೆ ಒಂದು ದಿಂಬಿಗೆ ಆಗುವಷ್ಟು ಬರುತ್ತದೆ. ಅದು ಹೋದರೆ ಗಾಳಿ ಒಳಗೆ ಆಡುತ್ತದೆ. ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್‌ನಂಥ ಮೊಂಡು ಮೂಗಿನ ನಾಯಿ ನಿಮ್ಮಲ್ಲಿದ್ದರೆ ಇದೆಲ್ಲದರ ಎರಡರಷ್ಟು ಜೋಪಾನ ಮಾಡಿ. ಅವುಗಳ ಉಸಿರಿನ ದಾರಿಯೇ ಇಕ್ಕಟ್ಟು, ಏದುಸಿರು ಬಿಟ್ಟರೂ ಸಾಲುವುದಿಲ್ಲ. ಬೊಜ್ಜು ಬಂದ ನಾಯಿಯ ಪಾಡೂ ಅಷ್ಟೇ.

ಇನ್ನು ಚಳಿ. ಇಲ್ಲಿ ಪಾಠ ಕಲಿಸಿದವಳು ಚುಕ್ಕಿ.

ಒಂದು ರಾತ್ರಿ ಇಡೀ ಗಾಳಿ ಮಳೆ. 8 ಡಿಗ್ರಿ. ಇದಕ್ಕಿಂತ ಚಳಿಯ ಒಣ ರಾತ್ರಿಗಳನ್ನು ಅವಳು ಗೂಡಿನಲ್ಲಿ ಕಳೆದಿದ್ದಳು, ಹಾಗಾಗಿ ನಾನು ಎದ್ದು ನೋಡಲಿಲ್ಲ. ಬೆಳಿಗ್ಗೆ ಹೋದರೆ ಗಡಗಡ ನಡುಗುತ್ತಿದ್ದಳು. ಎತ್ತಿಕೊಂಡಾಗ ಕಿವಿ ತುದಿ ಕಲ್ಲಿನ ಹಾಗೆ ತಣ್ಣಗಿತ್ತು. ಗೂಡಿನ ಒಳಗೆ ಕೈ ಇಟ್ಟೆ. ನಾನೇ ಪ್ರೀತಿಯಿಂದ ಹಾಸಿದ್ದ ಹಳೇ ಕಂಬಳಿ ಹಿಂಡಿದರೆ ನೀರು ಬರುವಷ್ಟು ಒದ್ದೆ. ಒದ್ದೆ ಕಂಬಳಿ ರಾತ್ರಿಯೆಲ್ಲ ಅವಳ ಮೈಯಿಂದ ಶಾಖ ಹೀರಿತ್ತು. ಮೈ ಶಾಖ 37ಕ್ಕೆ ಇಳಿದಿತ್ತು. ಒರೆಸಿ ಒಣಗಿಸಿ, ಬೆಚ್ಚಗಿನ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟು, ನನ್ನ ಮಡಿಲಲ್ಲಿ ಮಲಗಿಸಿಕೊಂಡೆ. ನಡುಕ ನಿಲ್ಲಲು ಮುಕ್ಕಾಲು ಗಂಟೆ ಹಿಡಿಯಿತು. ಮೈ ಬೆಚ್ಚಗಾಗದೆಯೇ ನಡುಕ ನಿಂತು, ನಾಯಿ ತೂಕಡಿಸೋಕೆ ಶುರು ಮಾಡಿದರೆ ಅದು ಇನ್ನೂ ಅಪಾಯ. ಆಗ ಒಂದು ಕ್ಷಣವೂ ಕಾಯಬಾರದು, ಡಾಕ್ಟರ ಹತ್ತಿರ ಓಡಬೇಕು.

ಕೂದಲು ಬೆಚ್ಚಗಿಡುವುದು ಅದರ ನಡುವೆ ನಿಂತ ಗಾಳಿಯಿಂದ. ನೆನೆದರೆ ಆ ಗಾಳಿ ಹೋಯ್ತು. ಬೀಸುಗಾಳಿಯೂ ಅದನ್ನೇ ಕದಿಯುತ್ತದೆ. ಹಾಗಾಗಿ ಚಳಿಗಾಲದಲ್ಲಿ ನನ್ನ ಮೊದಲ ಕೆಲಸ ಒಣಗಿಸುವುದು. ಗೂಡನ್ನು ಪೂರ್ತಿ ಬದಲಾಯಿಸಿದೆ. ಮೊದಲಿನದು ದೊಡ್ಡದಿತ್ತು, ಇಬ್ಬರೂ ಓಡಾಡಬಹುದಿತ್ತು. ದೊಡ್ಡ ಗೂಡನ್ನು ಒಂದು ಸಣ್ಣ ನಾಯಿಯ ಮೈ ಶಾಖ ಬೆಚ್ಚಗೆ ಮಾಡಲಾರದು. ಈಗ ಚುಕ್ಕಿಯದು ಅವಳು ಎದ್ದು, ಒಂದು ಸುತ್ತು ತಿರುಗಿ, ಮಲಗುವಷ್ಟೇ ಇದೆ. ನೆಲದಿಂದ ಒಂದು ಗೇಣು ಎತ್ತರ. ಬಾಗಿಲು ಗಾಳಿ ಬೀಸುವ ದಿಕ್ಕಿಗೆ ಬೆನ್ನು ಹಾಕಿದೆ, ಅದೂ ಮಧ್ಯದಲ್ಲಿಲ್ಲ, ಒಂದು ಮೂಲೆಗಿದೆ. ಒಳಗೆ ಕಂಬಳಿ ಬದಲು ಒಣಹುಲ್ಲು. ಅದು ನೀರು ಹಿಡಿದಿಡುವುದಿಲ್ಲ, ನಾಯಿ ಅದರೊಳಗೆ ಹೂತುಕೊಳ್ಳುತ್ತದೆ. ವಾರಕ್ಕೊಮ್ಮೆ ಬದಲಾಯಿಸಿದರೆ ಸಾಕು, ನೆನೆದರೆ ಅವತ್ತೇ. ಅವಳಿಗೊಂದು ಜಾಕೆಟ್ಟೂ ಇದೆ. ಒಣ ಚಳಿಗೆ ಒಳ್ಳೆಯದು, ನೆನೆದ ತಕ್ಷಣ ಬಿಚ್ಚಬೇಕು.

ಮಂಜು ಬೀಳುವ ಕಡೆ ಎರಡು ಚಳಿಗಾಲ ಇದ್ದೆವು. ಅಲ್ಲಿ ಗುಂಡನನ್ನು ನೋಡುವುದೇ ಒಂದು ಖುಷಿ. ಮಂಜಿನಲ್ಲೇ ಮಲಗುತ್ತಿದ್ದ. ಬೆನ್ನ ಮೇಲೆ ಬಿದ್ದ ಮಂಜು ಕರಗದೆ ಹಾಗೇ ಕೂತಿರುತ್ತಿತ್ತು. ಒಳಗಿನ ಶಾಖ ಅಷ್ಟು ಚೆನ್ನಾಗಿ ಒಳಗೇ ಉಳಿದಿದೆ ಅಂತ ಅದರ ಅರ್ಥ. ಅಂಗಾಲಿನದು ಇನ್ನೂ ಸೋಜಿಗ. ಕಾಲಿಗೆ ಇಳಿಯುವ ಬಿಸಿ ರಕ್ತದ ನಾಳ, ಮೇಲಕ್ಕೆ ಹೋಗುವ ತಣ್ಣನೆ ರಕ್ತದ ನಾಳ ಒಂದಕ್ಕೊಂದು ಅಂಟಿಕೊಂಡಂತೆ ಇರುತ್ತವೆ. ತಣ್ಣನೆ ರಕ್ತ ಮೈ ಸೇರುವ ಮುಂಚೆಯೇ ಬಿಸಿ ಪಡೆದುಕೊಳ್ಳುತ್ತದೆ. ಆದರೂ ಅವನ ಬೆರಳ ಸಂದಿನ ಕೂದಲಲ್ಲಿ ಮಂಜು ಗಟ್ಟಿಯಾಗಿ ಗೋಲಿಯಷ್ಟು ದಪ್ಪ ಉಂಡೆ ಕಟ್ಟಿ ಕುಂಟುತ್ತಿದ್ದ. ಆ ಕೂದಲು ಕತ್ತರಿಸಿದ ಮೇಲೆ ನಿಂತಿತು. ಮಂಜು ಕರಗಿಸಲು ರಸ್ತೆಗೆ ಹಾಕುವ ಉಪ್ಪು ಅಂಗಾಲನ್ನು ಉರಿಸುತ್ತದೆ, ಮನೆಗೆ ಬಂದ ಕೂಡಲೇ ಬೆಚ್ಚಗಿನ ನೀರಲ್ಲಿ ತೊಳೆಯುತ್ತಿದ್ದೆ. ಕಾರಿನ ರೇಡಿಯೇಟರಿಗೆ ಹಾಕುವ ಆಂಟಿಫ್ರೀಜ್ ಎಲ್ಲಾದರೂ ಸೋರಿದೆಯಾ ಅಂತಲೂ ನೋಡಿಕೊಳ್ಳಿ. ಅದು ಸಿಹಿ, ನಾಯಿ ನೆಕ್ಕಿಬಿಡುತ್ತದೆ, ಸ್ವಲ್ಪವೇ ಸಾಕು ಕಿಡ್ನಿ ಹಾಳಾಗಲು. ಕುಡಿಯುವ ನೀರು ಹೆಪ್ಪುಗಟ್ಟದಂತೆ ದಿನಕ್ಕೆ ನಾಲ್ಕೈದು ಸಲ ಬದಲಾಯಿಸಬೇಕು. ಹೊರಗೇ ಇರುವ ನಾಯಿಗೆ ಊಟವೂ ಸ್ವಲ್ಪ ಜಾಸ್ತಿ ಬೇಕು, ಮೈ ಬೆಚ್ಚಗಿಡೋಕೇ ಶಕ್ತಿ ಖರ್ಚಾಗುತ್ತದಲ್ಲ.

ಗುಂಡನಿಗೆ ಈಗ ಒಂಬತ್ತು ತುಂಬಿದೆ. ಕಳೆದ ವರ್ಷದಿಂದ ನೋಟ್‌ಬುಕ್ಕಿನಲ್ಲಿ ಅವನ ಪುಟ ಬದಲಾಗಿದೆ. ವಯಸ್ಸಾದಂತೆ ಚಳಿಯೂ ತಡೆಯುವುದಿಲ್ಲ, ಸೆಕೆಯೂ ತಡೆಯುವುದಿಲ್ಲ. 14 ಡಿಗ್ರಿಯಲ್ಲಿ ಸಿಮೆಂಟಿನ ಮೇಲೆ ಕಾಲು ಚಾಚಿ ಮಲಗುತ್ತಿದ್ದವನು ಈ ಸಲ ಹುಲ್ಲಿನ ಚೀಲದ ಮೇಲೆ ಮಲಗಿದ. ಎದ್ದಾಗ ಹಿಂಗಾಲು ಬಿಗಿಯಾಗಿತ್ತು. ಅವತ್ತು ರಾತ್ರಿಯೇ ಅವನ ಹಾಸಿಗೆಯನ್ನು ಒಳಗೆ, ಬಾಗಿಲ ಪಕ್ಕಕ್ಕೆ ತಂದು ಹಾಕಿದೆ. ಬಾಗಿಲನ್ನು ಒಂದು ಚೂರು ತೆರೆದೇ ಇಡುತ್ತೇನೆ, ಹೊರಗೆ ಬೇಕು ಅನ್ನಿಸಿದರೆ ಹೋಗಲಿ ಅಂತ. ಮೊದಲ ಮೂರು ರಾತ್ರಿ ಎದ್ದು ಹೋಗಿ ಹೊಸ್ತಿಲಲ್ಲಿ ಮೂಗಿಟ್ಟು ನೋಡಿದ. ನಾಲ್ಕನೇ ರಾತ್ರಿ ಏಳಲಿಲ್ಲ.