ಮಲೆನಾಡಿನಲ್ಲಿ ಓಡುವ ಕಾರಿಗೆ ಎಕ್ಸ್‌ಟೆಂಡೆಡ್ ವಾರಂಟಿ: ನಾನು ನೋಡಿ ಕೊಂಡ ಬಗೆ

ಕಾರಿನ ಜೊತೆ ಬರುವ ಮೂಲ ವಾರಂಟಿ ಮುಗಿದ ಮೇಲೂ ಕೆಟ್ಟ ಭಾಗದ ರಿಪೇರಿ ಸಿಗಲೆಂದು ದುಡ್ಡು ಕೊಟ್ಟು ಕೊಳ್ಳುವುದೇ ಎಕ್ಸ್‌ಟೆಂಡೆಡ್ ವಾರಂಟಿ. ಅದಕ್ಕೆ ನಾನು ಮೊದಲು ಲೆಕ್ಕ ಹಾಕಿದ್ದು ಕಿಲೋಮೀಟರನ್ನು, ಆಮೇಲೆ ವರ್ಷವನ್ನು. ‘5 ವರ್ಷ ಅಥವಾ 1 ಲಕ್ಷ ಕಿ.ಮೀ.’ ಅಂದರೆ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ದಿನಾ ಹೋಗಿಬಂದರೆ ಸುಮಾರು 120 ಕಿ.ಮೀ. ವರ್ಷಕ್ಕೆ 250 ದಿನ ಹಿಡಿದರೂ 30,000 ಆಯಿತು. ನಾಲ್ಕು ವರ್ಷ ತುಂಬುವ ಮೊದಲೇ ಲಕ್ಷ ದಾಟುತ್ತದೆ, ಐದನೇ ವರ್ಷಕ್ಕೆಂದು ಕೊಟ್ಟ ದುಡ್ಡು ದಂಡ. ಅಷ್ಟು ಓಡಿಸುವವರು ಕಿ.ಮೀ. ಮಿತಿ ಹೆಚ್ಚಿರುವ ಪ್ಲ್ಯಾನ್ ಇದೆಯೇ ಎಂದು ಕೇಳಬೇಕು.

ಶೋರೂಮಿನಲ್ಲಿ ಆನ್-ರೋಡ್ ಬೆಲೆಯ ಜೊತೆಗೇ ಇದನ್ನೂ ಸೇರಿಸಿ ಹೇಳುವುದುಂಟು. ಕಡ್ಡಾಯವಲ್ಲ. ಶೇ 18 ಜಿಎಸ್‌ಟಿ ಸಮೇತ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. ವಾರಂಟಿ ಕೊಡುವುದು ಕಾರು ಕಂಪನಿಯೋ, ಡೀಲರ್ ತಂದ ಬೇರೆ ಸಂಸ್ಥೆಯೋ ಎಂಬುದನ್ನೂ ಕೇಳಿ. ನಾನು ಕಂಪನಿಯದ್ದನ್ನೇ ಆರಿಸಿದೆ. ಘಾಟಿ ಇಳಿದು ಮಂಗಳೂರಿಗೋ ಉಡುಪಿಗೋ ಹೋದಾಗ ಗಾಡಿ ಕೆಟ್ಟರೆ ಅಲ್ಲಿನ ಅಧಿಕೃತ ಸರ್ವೀಸ್ ಸೆಂಟರಿನಲ್ಲೂ ಕ್ಲೇಮ್ ಆಗಬೇಕಲ್ಲ. ಮೂಲ ವಾರಂಟಿ ಮುಗಿಯುವುದರೊಳಗೆ ಕೊಳ್ಳಬೇಕು. ತಡವಾದಷ್ಟೂ ಸಾಮಾನ್ಯವಾಗಿ ಬೆಲೆ ಏರುತ್ತದೆ.

ಬ್ರೋಷರಿನ ಮುಖಪುಟಕ್ಕಿಂತ ‘ಇವು ಸೇರಿಲ್ಲ’ ಎಂಬ ಪಟ್ಟಿಯನ್ನು ನಿಧಾನವಾಗಿ ಓದಿ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ವೈಪರ್ ಬ್ಲೇಡ್, ಬಲ್ಬ್, ಟೈರ್ — ಇವೆಲ್ಲ ಸವೆಯುವ ಸಾಮಾನು, ವಾರಂಟಿಯಲ್ಲಿ ಸಿಗುವುದಿಲ್ಲ. ಹುಲಿಕಲ್, ಆಗುಂಬೆ ಘಾಟಿಯಲ್ಲಿ ಹಾಫ್ ಕ್ಲಚ್ ಮೇಲೆ (ಕ್ಲಚ್ ಪೆಡಲ್ ಅರ್ಧ ಒತ್ತಿಕೊಂಡೇ) ಹತ್ತಿಸುವವರಿಗೆ ಮೊದಲು ಬರುವ ಖರ್ಚೇ ಕ್ಲಚ್ಚಿನದು, ಅದು ಜೇಬಿನಿಂದಲೇ. ಸಸ್ಪೆನ್ಷನ್ ಬುಷ್, ಶಾಕ್ ಅಬ್ಸಾರ್ಬರ್ ಪ್ಲ್ಯಾನಿನಿಂದ ಪ್ಲ್ಯಾನಿಗೆ ಬೇರೆ, ಹೆಸರು ಹಿಡಿದು ಕೇಳಬೇಕು. ತೋಟದ ರಸ್ತೆಯಲ್ಲಿ ಕಲ್ಲು ತಾಗಿ ಆಯಿಲ್ ಸಂಪ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಸೋರಿದರೆ ಅದು ಹೊರಗಿನ ಪೆಟ್ಟು, ವಾರಂಟಿಗೆ ಬರುವುದಿಲ್ಲ.

ನಮ್ಮ ಕಡೆ ನಿಜವಾದ ಕಾಟ ಇಲಿ ಮತ್ತು ನೀರು. ಅಡಿಕೆ, ಭತ್ತ ತುಂಬಿದ ಮನೆಯ ಪಕ್ಕ ಗಾಡಿ ನಿಲ್ಲಿಸಿದರೆ ಮಳೆಗಾಲದಲ್ಲಿ ಇಲಿ ಬೆಚ್ಚಗಿನ ಎಂಜಿನ್ ಬೇ ಹುಡುಕಿಕೊಂಡು ಬರುತ್ತದೆ. ವೈರಿನ ಮೇಲಿನ ಪ್ಲಾಸ್ಟಿಕ್ ಕಡಿದು ಒಳಗಿನ ತಾಮ್ರ ಕಾಣುತ್ತಿರುತ್ತದೆ. ಸೆನ್ಸರ್ ಸಿಗ್ನಲ್ ತಪ್ಪಿ ಚೆಕ್ ಎಂಜಿನ್ ದೀಪ ಹತ್ತುತ್ತದೆ. ಸೆನ್ಸರ್ ಕೆಟ್ಟಿದ್ದರೆ ವಾರಂಟಿ ಉಂಟು, ಹಲ್ಲಿನ ಗುರುತು ಕಂಡರೆ ಇಲ್ಲ. ಹಳ್ಳ ಉಕ್ಕಿದ ರಸ್ತೆಯಲ್ಲಿ ಏರ್ ಫಿಲ್ಟರ್ ಮೂಲಕ ಎಂಜಿನ್ನಿಗೆ ನೀರು ಹೊಕ್ಕರೂ ಅಷ್ಟೇ. ಅದಕ್ಕೆ ವಿಮೆಯಲ್ಲಿ ಎಂಜಿನ್ ಪ್ರೊಟೆಕ್ಷನ್ ಆ್ಯಡ್-ಆನ್ ಬೇಕು. ನೀರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಬಾರದು: ನೀರನ್ನು ಒತ್ತಲಾಗದೆ ಪಿಸ್ಟನ್ ತಡೆದು ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಹಾಗಾದರೆ ಏಕೆ ಕೊಳ್ಳಬೇಕು? ಎಸಿ ಕಂಪ್ರೆಸರ್, ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಡೀಸೆಲ್ ಇಂಜೆಕ್ಟರ್, ಟರ್ಬೊ, ಆಟೊಮ್ಯಾಟಿಕ್ ಗೇರ್‌ಬಾಕ್ಸ್ — ಇವುಗಳಲ್ಲಿ ಒಂದು ಕೈಕೊಟ್ಟರೂ ವಾರಂಟಿಗೆ ಕೊಟ್ಟ ದುಡ್ಡು ಹುಟ್ಟುತ್ತದೆ. ಸಾದಾ ಪೆಟ್ರೋಲ್ ಮ್ಯಾನ್ಯುವಲ್ ಗಾಡಿ, ಓಡಾಟವೂ ಕಡಿಮೆ ಅಂದರೆ ನಾನು ಒತ್ತಾಯಿಸುವುದಿಲ್ಲ.

ಮಂಜಿಗೆಂದು ಫಾಗ್ ಲ್ಯಾಂಪ್ ಹಾಕಿಸುವುದು ಇಲ್ಲಿ ಸಾಮಾನ್ಯ. ವೈರ್ ಕತ್ತರಿಸಿ ಟೇಪ್ ಸುತ್ತಿದರೆ ವಿದ್ಯುತ್ ಭಾಗದ ಕ್ಲೇಮ್ ತಿರಸ್ಕರಿಸಲು ಅದೇ ಕಾರಣ ಸಾಕು. ಕಂಪನಿಯ ಬಿಡಿಭಾಗವನ್ನೇ ಅಧಿಕೃತ ವರ್ಕ್‌ಶಾಪಿನಲ್ಲಿ ಹಾಕಿಸಿ ಬಿಲ್ ಇಟ್ಟುಕೊಳ್ಳಿ. ಸರ್ವೀಸನ್ನು ಪುಸ್ತಕದಲ್ಲಿ ಹೇಳಿದ ತಿಂಗಳು, ಕಿ.ಮೀ. ಒಳಗೇ ಮಾಡಿಸಬೇಕು.

ದುಡ್ಡು ಕಟ್ಟಿದ ರಸೀದಿಯಷ್ಟೇ ಸಾಲದು. ಚಾಸಿಸ್ ನಂಬರ್, ಶುರುವಿನ ಮತ್ತು ಕೊನೆಯ ದಿನಾಂಕ, ಕಿ.ಮೀ. ಮಿತಿ ಇರುವ ಸರ್ಟಿಫಿಕೇಟ್ ಪಡೆದು ಆರ್‌ಸಿ ಜೊತೆ ತಾಳೆ ನೋಡಿ. ಇನ್ನು ವಾರಂಟಿ ಮುಗಿಯಲು ಒಂದು ತಿಂಗಳಿರುವಾಗ ಪೂರ್ತಿ ತಪಾಸಣೆ ಮಾಡಿಸಿ, ಸ್ಟೀರಿಂಗಿನ ಸದ್ದು, ಆಯಿಲ್ ಜಿನುಗು ಏನಿದ್ದರೂ ಸರ್ವೀಸ್ ಸೆಂಟರಿನವರು ದೂರು ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ಬರೆಸಿ, ಪ್ರತಿ ತೆಗೆದುಕೊಳ್ಳಿ. ಬಿಡಿಭಾಗ ಬರುವುದು ತಡವಾದರೂ ದೂರು ಕೊಟ್ಟ ದಿನಾಂಕಕ್ಕೆ ನಿಮ್ಮ ಕೈಯಲ್ಲಿ ದಾಖಲೆ ಇರುತ್ತದೆ.