ಬೀಗ ಇದ್ದದ್ದು ಫಾಂಟಿನಲ್ಲಿ

ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಕುಡಿಯುವ ನೀರು, ಮಹಿಳಾ ಸಂಘಗಳ ಕೆಲಸ ಮಾಡುವ ಸಣ್ಣ ಸಂಸ್ಥೆ ನಮ್ಮದು. ಆರು ಕಂಪ್ಯೂಟರ್, ಹನ್ನೊಂದು ಜನ. 2019ರ ದಸರಾ ಹೊತ್ತಿಗೆ ಆಡಿಟರ್ ಕೇಳಿದರು, "ಇವುಗಳ ಸಾಫ್ಟ್‌ವೇರ್ ಬಿಲ್ ಎಲ್ಲಿ?" ಬಿಲ್ ಇರಲಿಲ್ಲ. ಕಂಪ್ಯೂಟರ್ ಮಾರಿದವರು ಎಲ್ಲವನ್ನೂ "ಫ್ರೀ" ಹಾಕಿ ಕೊಟ್ಟಿದ್ದರು. ಅದು ಎಂಥ ಫ್ರೀ ಅಂತ ನಮಗೂ ಗೊತ್ತಿತ್ತು, ಸುಮ್ನೆ ಇದ್ದೆವು. ಸಾಲದ್ದಕ್ಕೆ 2020ರ ಜನವರಿ 14ರ ನಂತರ ವಿಂಡೋಸ್ 7ಕ್ಕೆ ಭದ್ರತಾ ಅಪ್‌ಡೇಟ್ ನಿಲ್ಲುವುದಿತ್ತು. ಆರಕ್ಕೂ ಲೈಸೆನ್ಸ್ ಕೊಳ್ಳೋಣ ಅಂದರೆ ದಾನಿಗಳ ಬಜೆಟ್ಟಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಕಂಪ್ಯೂಟರ್ ಬಿಚ್ಚಿ ನೋಡುವ ಚಟ ಇದ್ದವನು ನಾನೊಬ್ಬನೇ. ಹಾಗಾಗಿ ಕೆಲಸ ನನ್ನ ಕೊರಳಿಗೆ ಬಿತ್ತು.

ಮೊದಲ ತಪ್ಪು ನನ್ನದೇ. ಒಂದು ಭಾನುವಾರ ಹೋಗಿ, ಯಾರಿಗೂ ಹೇಳದೆ, ಎರಡು ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ, ಮುಕ್ತ ವ್ಯವಸ್ಥೆ ಹಾಕಿ ಬಂದೆ. ಸೋಮವಾರ ಬೆಳಿಗ್ಗೆ ದಾಖಲೆ ನೋಡಿಕೊಳ್ಳುವ ಅಕ್ಕ ಫೈಲು ತೆರೆದು ಕೂಗಿದರು, "ಏನ್ ಮಾಡಿಟ್ಟೀಯೋ ತಮ್ಮಾ, ನನ್ ಕನ್ನಡ ಎಲ್ಲಿ ಹೋತು?" ಪರದೆ ತುಂಬ ಇಂಗ್ಲಿಷ್ ಅಕ್ಷರ, ನಡುನಡುವೆ ಬ್ರಿಟನ್ನಿನ ಪೌಂಡ್ ಗುರುತು.

ಆ ಪೌಂಡ್ ಗುರುತೇ ನಮ್ಮ 'ನ'. 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ನಿಜವಾಗಿ ಕನ್ನಡವಾಗಿ ಉಳಿಯುವುದಿಲ್ಲ. ಒಳಗೆ ಇರುವುದು ಇಂಗ್ಲಿಷಿನ ಸಂಕೇತ, ಮೇಲೆ ಫಾಂಟು ಕನ್ನಡದ ವೇಷ ಹಾಕಿರುತ್ತದೆ. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ, ಅಷ್ಟೆ. ನಮ್ಮ ಹದಿನೈದು ವರ್ಷದ ಕಡತಗಳೆಲ್ಲ ಹೀಗೇ ಇದ್ದವು.

ಆ ದಿನದ ಮಟ್ಟಿಗೆ ನುಡಿ ಫಾಂಟುಗಳನ್ನು ಲಿನಕ್ಸಿಗೂ ಹಾಕಿದೆ. ಓದಲು ಬಂತು. ಆದರೆ ಹುಡುಕಲು ಬರಲಿಲ್ಲ. 'ತಾವರಗೇರಾ' ಅಂತ ಊರಿನ ಹೆಸರನ್ನು ಯೂನಿಕೋಡಿನಲ್ಲಿ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿಯಲ್ಲಿ, ಹುಡುಕಿದರೆ ಶೂನ್ಯ. ಸಂಘದ ಸದಸ್ಯರ ಹೆಸರನ್ನು ಅಕ್ಷರಮಾಲೆ ಪ್ರಕಾರ ಜೋಡಿಸಿದರೆ ಮಲ್ಲಮ್ಮ, ವನಜಾಕ್ಷಿ ಎಲ್ಲ ಕಲಸುಮೇಲೋಗರ. ಯಾಕಂದ್ರೆ ಅಲ್ಲಿ 'ಮ' ಅಂದರೆ 'ವ'ಗೆ ಸೇರಿಸಿದ ಒಂದು ಬಾಲ! ಇದು ಲಿನಕ್ಸಿನ ತಂಟೆಯಲ್ಲ, ವಿಂಡೋಸಿನಲ್ಲೂ ಹೀಗೇ ಇತ್ತು. ನಾವು ಗಮನಿಸಿರಲಿಲ್ಲ.

ಎರಡೂ ಕಂಪ್ಯೂಟರಿಗೆ ಮತ್ತೆ ವಿಂಡೋಸ್ ಹಾಕಿ ಕೈಮುಗಿದೆ. ನಾಲ್ಕು ತಿಂಗಳು ಎರಡೇ ಬದಲಾವಣೆ: ಎಲ್ಲರಿಗೂ ಪತ್ರ, ಲೆಕ್ಕದ ಹಾಳೆ ಮಾಡುವ ಮುಕ್ತ ತಂತ್ರಾಂಶ ಲಿಬ್ರೆ ಆಫೀಸ್, ಹೊಸದಾಗಿ ಟೈಪ್ ಮಾಡುವುದೆಲ್ಲ ಯೂನಿಕೋಡಿನಲ್ಲಿ. ಲಿನಕ್ಸಿನ ಟೈಪಿಂಗ್ ಸಾಧನ ಐಬಸ್‌ನಲ್ಲಿ ನುಡಿಯಲ್ಲಿದ್ದ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವೇ ಇದೆ, ಅಂದರೆ ಬೆರಳಿನ ಅಭ್ಯಾಸ ಬದಲಿಸಬೇಕಿಲ್ಲ. ಇದನ್ನು ಅಕ್ಕನಿಗೆ ನನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಿದ ದಿನ ಅರ್ಧ ಯುದ್ಧ ಮುಗಿಯಿತು. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳೂ ಸಿಕ್ಕವು. ನವಿಲು ಅಕ್ಕನಿಗೆ ಇಷ್ಟವಾಯಿತು, ನನಗೆ ಗುಬ್ಬಿ.

ಹಳೆ ಕಡತಗಳ ಪರಿವರ್ತನೆ ನಡೆದದ್ದು 2020ರ ಲಾಕ್‌ಡೌನಿನಲ್ಲಿ, ಮನೆಯಲ್ಲೇ ಕೂತು. ಆಸ್ಕಿಯಿಂದ, ಅಂದರೆ ಆ ಇಂಗ್ಲಿಷ್ ಸಂಕೇತದಿಂದ, ಯೂನಿಕೋಡಿಗೆ ತರುವ ಮುಕ್ತ ಪರಿವರ್ತಕಗಳನ್ನು ಕನ್ನಡಿಗರೇ ಮಾಡಿಟ್ಟಿದ್ದಾರೆ. ಬರೀ ಕನ್ನಡ ಇರುವ ಪತ್ರ, ನಡಾವಳಿಗಳು ಚೆನ್ನಾಗಿ ಬಂದವು. ಪೆಟ್ಟು ಬಿದ್ದದ್ದು ಮಿಶ್ರ ಕಡತಗಳಲ್ಲಿ. ಬ್ಯಾಂಕ್ ಖಾತೆಗಳ ಪಟ್ಟಿ ಹಾಕಿದಾಗ ಐಎಫ್‌ಎಸ್‌ಸಿ ಕೋಡುಗಳೂ ಕನ್ನಡವಾಗಿ ಬಂದು ಕೂತವು. ಪರಿವರ್ತಕಕ್ಕೆ ಪಾಪ ಏನು ಗೊತ್ತು, ಯಾವುದು ನಿಜವಾದ ಇಂಗ್ಲಿಷ್, ಯಾವುದು ವೇಷದ್ದು ಅಂತ? ಆಮೇಲೆ ಹೆಸರಿನ ಕಾಲಂ ಒಂದನ್ನೇ ನಕಲು ಮಾಡಿ, ಬದಲಿಸಿ, ಅದೇ ಸಾಲಿಗೆ ವಾಪಸ್ ಇಟ್ಟೆ. ಮೂಲ ಕಡತಗಳನ್ನು ಅಳಿಸಲಿಲ್ಲ. ಈ ಬುದ್ಧಿ ಮಾತ್ರ ಮೊದಲೇ ಇತ್ತು.

ಆಮೇಲೆ ಲಿನಕ್ಸ್ ಹಾಕುವುದು ಸುಲಭದ ಕೆಲಸ. ನಾಲ್ಕು ಜಿಬಿ ರ್‍ಯಾಮಿನ ಹಳೆ ಡಬ್ಬಗಳಿಗೆ ಮಿಂಟಿನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ, ಜೊತೆಗೆ ವೇಗವಾಗಿ ಓದುವ ಒಂದೊಂದು ಸಂಗ್ರಹ ಡಿಸ್ಕ್, ಅಂದರೆ ಎಸ್‌ಎಸ್‌ಡಿ. ಖರ್ಚಾದದ್ದು ಎಸ್‌ಎಸ್‌ಡಿಗೆ ಮಾತ್ರ. ಹಳೆ ಲೇಸರ್ ಪ್ರಿಂಟರ್ ಜಪ್ಪಯ್ಯ ಅಂದರೂ ಲಿನಕ್ಸಿಗೆ ಜಗ್ಗಲಿಲ್ಲ. ಲೆಕ್ಕಪತ್ರದ ಅಣ್ಣ ವಿಂಡೋಸಿನಲ್ಲಿ ಓಡುವ ಲೆಕ್ಕದ ತಂತ್ರಾಂಶ ಟ್ಯಾಲಿಯನ್ನು ಬಿಡುವುದಿಲ್ಲ ಅಂದರು, ಆಡಿಟರಿಗೂ ಅದೇ ಬೇಕು. ಅವರ ಒಂದು ಕಂಪ್ಯೂಟರಿಗೆ ವಿಂಡೋಸ್ ಬಿಲ್ ಸಮೇತ ಕೊಂಡೆವು, ಪ್ರಿಂಟರನ್ನೂ ಅದಕ್ಕೇ ಕಟ್ಟಿದೆವು. ಆರಕ್ಕೆ ಆರೂ ಬದಲಾಗಬೇಕೆಂಬ ಹಟ ನನಗಿರಲಿಲ್ಲ.

ನಿಜವಾದ ಲಾಭ ಕಂಡದ್ದು ನೀರಿನ ಸಮೀಕ್ಷೆಯಲ್ಲಿ. ನಮ್ಮ ಕಡೆ ಕೊಳವೆಬಾವಿಗಳಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ರುಚಿಯಿಂದ ತಿಳಿಯುವುದಿಲ್ಲ, ಪರೀಕ್ಷೆ ಮಾಡಿ ಬರೆಯಲೇಬೇಕು. ಕಾಗದದ ಕಾಲದಲ್ಲಿ 1.5ರ ಚುಕ್ಕಿ ಬೆವರಿಗೆ ಅಳಿಸಿ 15 ಆಗಿ ಕಂಪ್ಯೂಟರಿಗೆ ಏರಿದ್ದುಂಟು. ಈಗ ಫೋನಿನಲ್ಲೇ ಸಮೀಕ್ಷೆ ತುಂಬುವ ಓಡಿಕೆ ಕಲೆಕ್ಟ್ ಎಂಬ ಮುಕ್ತ ಆ್ಯಪ್ ಬಳಸುತ್ತೇವೆ. ಪ್ರಶ್ನೆಗಳನ್ನು ಲಿಬ್ರೆ ಆಫೀಸಿನ ಕ್ಯಾಲ್ಕ್ ಹಾಳೆಯಲ್ಲೇ ಕನ್ನಡದಲ್ಲಿ ಬರೆದು, ಫ್ಲೋರೈಡ್ ಅಂಕಿ 10 ದಾಟಿದರೆ ಮುಂದೆ ಬಿಡಬೇಡ ಅಂತ ಒಂದು ಷರತ್ತು ಹಾಕಿದೆ. ಬಾವಿಯ ಜಿಪಿಎಸ್ ತಾನೇ ಸೇರುತ್ತದೆ. ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲೂ ತುಂಬಬಹುದು, ಕುಷ್ಟಗಿಗೆ ಬಂದ ಮೇಲೆ ಕಳಿಸಿದರಾಯಿತು. ಹತ್ತನೇ ತರಗತಿ ಓದಿದ ನಮ್ಮ ಕಾರ್ಯಕರ್ತೆಯರು ಒಂದೇ ಮಧ್ಯಾಹ್ನದಲ್ಲಿ ಕಲಿತರು. ಅಕ್ಕ, ನಾನು, ಅಣ್ಣ ಕಲಿಯಲು ತಿಂಗಳುಗಟ್ಟಲೆ ತೆಗೆದುಕೊಂಡಿದ್ದೆವು!

ಹೋದ ಬೇಸಿಗೆ ಅಕ್ಕ ಒಂದು ಹಳ್ಳಿಯ ಹೆಸರು ಹುಡುಕಿದಾಗ 2008ರ ನಡಾವಳಿಯೊಂದು ಮೇಲೆ ಬಂತು. ಆಗ ಬಣ್ಣ ಬಳಿದು ಮುಚ್ಚಿಸಿದ್ದ ಕೈಪಂಪಿನ ವಿವರ ಅದರಲ್ಲಿತ್ತು. ಈಗ ಅದೇ ಪಂಪನ್ನು ಊರವರು ಮತ್ತೆ ಬಳಸುತ್ತಿದ್ದರು. ಮರುದಿನ ಪರೀಕ್ಷಾ ಕಿಟ್ ತಗೊಂಡು ಹೋದೆವು.

ಇನ್ನೂ ಎರಡು ಹಳೆ ಸಿಡಿ ಬಾಕಿ ಇವೆ. ಅವು ನುಡಿಗಿಂತ ಹಿಂದಿನ ಯಾವುದೋ ಫಾಂಟಿನವು. ಯಾವುದು ಅಂತ ಅಕ್ಕನಿಗೂ ನೆನಪಿಲ್ಲ.